ಹದಿನೆಂಟನೆಯ ಹೆಸರು

ಪ್ರಿಂಟರ್ ಹಾಳೆಯನ್ನು ಅರ್ಧ ಎಳೆದುಕೊಂಡು ಟಕ್ ಎಂದು ನಿಂತಿತು, ಆಮೇಲೆ ಏನೋ ನೆನಪಾದಂತೆ ಉಳಿದರ್ಧವನ್ನೂ ಎಳೆದುಕೊಂಡಿತು, ಇಷ್ಟು ಸಣ್ಣ ಸದ್ದಿಗೂ ನಾನು ತಿರುಗಿ ನೋಡುತ್ತೇನೆ, ಬೆಳಗಿನಿಂದ ಹೀಗೇ, ಬಿಸಿಲು ಮೇಜಿನ ಅಂಚಿಗೆ ಬಂತು ಎಂದರೆ ನಾಲ್ಕಾಯಿತು, ಐದಕ್ಕೆ ಪಟ್ಟಿ ಹೋಗಬೇಕು, ಶೂಟಿಂಗಿಗೆ ಹೋಗಲಿರುವ ದೇಶದಲ್ಲಿ ನಮ್ಮ ಬಸ್ಸು, ರೂಮು, ಅನುಮತಿ ಎಲ್ಲ ನೋಡಿಕೊಳ್ಳುವ ಹೆಂಗಸಿಗೆ, ಅವಳು ಪ್ರತಿ ಪತ್ರದ ಕೊನೆಗೂ ಹದಿನೆಂಟು ಜನ ಮಾತ್ರ ಎಂದು ಬರೆಯುತ್ತಾಳೆ, ಬಸ್ಸಿನಲ್ಲಿ ಹದಿನೆಂಟೇ ಸೀಟು, ನಾನು ಹದಿನೇಳು ಹೆಸರು ಬರೆದು ಕೂತಿದ್ದೇನೆ. ಹದಿನೆಂಟನೆಯ ಸಾಲಿನಲ್ಲಿ ಮೇಕಪ್ ಎಂದಷ್ಟೇ ಇದೆ, ಅದರ ಮುಂದೆ ಕರ್ಸರ್ ಮಿಟುಕುತ್ತಿದೆ, ಮಿಟುಕಲಿ. ನಾವು ಹೋಗುವ ತಿಂಗಳು ಅಲ್ಲಿ ನಾಲ್ಕು ಇಪ್ಪತ್ತಕ್ಕೇ ಸೂರ್ಯ ಮುಳುಗುತ್ತಾನೆ, ಬರೆದುಕೊಂಡೆನಾ, ಬರೆದುಕೊಂಡಿದ್ದೇನೆ, ಎರಡು ಸಲ, ಲೆನ್ಸ್‌ಗಳ ನಂಬರು, ಅಲ್ಲಿನ ಪ್ಲಗ್ಗಿನ ಅಳತೆ, ಹೀರೊ ಸರೋವರದ ದಡದಲ್ಲಿ ಓಡುವಾಗ ಅಡ್ಡ ಬರಬಹುದಾದ ಬಾತುಕೋಳಿಗಳು — ಅವಕ್ಕೂ ಪರ್ಮಿಷನ್ ಬೇಕಾ ಅಕ್ಕ ಎಂದು ಡೈರೆಕ್ಟರ್ ನಕ್ಕ, ನನಗಿಂತ ಒಂಬತ್ತು ವರ್ಷ ಚಿಕ್ಕವನು, ಅಕ್ಕ ಎಂದೇ ಕರೆಯುತ್ತಾನೆ, ನಾನು ನಗಲಿಲ್ಲ, ವಿಚಾರಿಸಿದೆ, ಬೇಕಂತೆ. ಮೊನ್ನೆ ಅವನೇ ಬಾಗಿಲಿಗೆ ಒರಗಿ ನಿಂತು, ಅಕ್ಕ, ಮೇಕಪ್ಪಿಗೆ ಅಲ್ಲೇ ಒಬ್ಬಳು ಹುಡುಗಿ ಸಿಗ್ತಾಳಂತೆ, ಒಂದು ಸೀಟು ಉಳಿಯುತ್ತೆ, ಮಾಮಂಗೂ ವಯಸ್ಸಾಯ್ತು, ಚಳಿ ಬೇರೆ, ನೀವೇ ನೋಡಿ ಹೇಳಿ, ನೀವು ಹೇಳ್ದಂಗೆ ಅಂದ. ನಾನು ಹೇಳಿದ ಹಾಗೆ. ಎಲ್ಲದರ ಭಾರವೂ ಹೀಗೆ ಮೆತ್ತಗೆ ಬಂದು ನನ್ನ ಮೇಜಿನ ಮೇಲೆ ಕೂರುತ್ತದೆ.

ಇಡೀ ಯೂನಿಟ್ಟಿಗೇ ಅವನು ಮೇಕಪ್ ಮಾಮ, ನಲವತ್ತೊಂದು ವರ್ಷ ಯಾರ್ಯಾರನ್ನೋ ವಿಮಾನದಿಂದ ಇಳಿದು ಬಂದವರ ಹಾಗೆ ಸಿಂಗರಿಸಿದವನು, ತಾನು ಒಮ್ಮೆಯೂ ವಿಮಾನ ಹತ್ತಿದವನಲ್ಲ, ಉಣ್ಣೆಯ ಟೋಪಿ ಆಗಲೇ ಕೊಂಡಿದ್ದಾನೆ, ಊಟದ ಹೊತ್ತಿಗೆ ಹಾಕಿಕೊಂಡು ಬೆವರುತ್ತಾ ಕೂರುತ್ತಾನೆ, ತಲೆಗೆ ಅಭ್ಯಾಸ ಆಗ್ಲಿ ಕಣಮ್ಮ ಅನ್ನುತ್ತಾನೆ. ನಾನು ಅಸಿಸ್ಟೆಂಟ್ ಡೈರೆಕ್ಟರ್ ಆಗಿ ಸೇರಿದ ಮೊದಲ ಸಿನಿಮಾದಲ್ಲಿ, ಬೈಸಿಕೊಂಡು ಮೂಲೆಯಲ್ಲಿ ನಿಂತಿದ್ದವಳನ್ನು ಕರೆದು ಬಣ್ಣದ ಪೆಟ್ಟಿಗೆಯ ಪಕ್ಕ ಕೂರಿಸಿಕೊಂಡು, ಮುಖ ನೋಡೋದು ಕಲಿ, ಮಿಕ್ಕಿದ್ದು ತಾನಾಗೇ ಬರುತ್ತೆ ಅಂದವನು. ಕಲಿತೆ, ಅದೇ ಈಗ ಸಂಕಟ. ಹೀರೊನ ಎಡಗೆನ್ನೆಯ ಮೇಲೆ ಒಂದು ಹಳೆಯ ಗಾಯದ ಗುರುತು, ಅದನ್ನು ಮಾಮ ಪ್ರತಿದಿನ ಬೆಳಿಗ್ಗೆ ಅಂಟು ಬಣ್ಣ ಸೇರಿಸಿ ಹೊಸದಾಗಿ ಕೂರಿಸುತ್ತಾನೆ, ಪ್ರತಿದಿನ ನಾನು ಅದರ ಫೋಟೊ ತೆಗೆದಿಡುತ್ತೇನೆ, ಕಳೆದ ವಾರ ಇಪ್ಪತ್ತು ದಿನದ ಇಪ್ಪತ್ತು ಕೆನ್ನೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಗಾಯ ಕಿವಿಯ ಕಡೆಗೆ ನಡೆದುಕೊಂಡು ಹೋಗುತ್ತಿದೆ, ಮೊದಲ ದಿನ ಹುಬ್ಬಿನ ತುದಿಯ ನೇರಕ್ಕೆ, ಇಪ್ಪತ್ತನೆಯ ದಿನ ಒಂದು ಅಕ್ಕಿಕಾಳಿನಷ್ಟು ಆಚೆ. ದೊಡ್ಡ ಪರದೆಯ ಮೇಲೆ ಆ ಅಕ್ಕಿಕಾಳು ಒಂದು ಗೇಣಾಗುತ್ತದೆ. ಇಲ್ಲಿ ಬಾಗಿಲು ತೆರೆದು ಓಡಿದ ಹೀರೊ ಅಲ್ಲಿ ಸರೋವರದ ದಡಕ್ಕೆ ಬಂದು ಮುಟ್ಟಬೇಕು, ಅದೇ ಓಟ, ಅದೇ ಕೆನ್ನೆ, ಗಾಯ ಮಾತ್ರ ಜಾಗ ಬದಲಾಯಿಸಿದರೆ ಜನ ನಗುತ್ತಾರೆ. ಯಾರೂ ಗಮನಿಸಿಲ್ಲ. ನಾನು ಗಮನಿಸಿದ್ದೇನೆ, ಒಂದು ವಾರದಿಂದ ಗಮನಿಸದವಳ ಹಾಗೆ ಓಡಾಡುತ್ತಿದ್ದೇನೆ.

ಇವತ್ತು ಬೆಳಿಗ್ಗೆ ವೀಸಾ ಕೇಂದ್ರ, ಗಾಜಿನ ಬಾಗಿಲು, ಕಾಲಿಗೆ ತಣ್ಣಗೆ ತಾಗುವ ಕಬ್ಬಿಣದ ಕುರ್ಚಿಗಳು, ಪಾಸ್‌ಪೋರ್ಟಿನ ಚೀಲದ ಜಿಪ್ಪನ್ನು ನಾನು ಮೂರನೆಯ ಸಲ ಮುಟ್ಟಿ ನೋಡುತ್ತಿದ್ದೇನೆ, ಗೋಡೆಯ ಮೇಲೆ ಟೋಕನ್ ಸಂಖ್ಯೆ ಕೆಂಪಗೆ, ಒಂದೊಂದು ಅಂಕಿಯೂ ಅಂಗೈಯಷ್ಟು ದೊಡ್ಡದು, ಮಾಮ ಅದರ ಕಡೆಗೇ ಮುಖ ಮಾಡಿಕೊಂಡು ಎಷ್ಟಮ್ಮ ತೋರಿಸ್ತಾ ಇದೆ ಎಂದು ಕೇಳಿದ. ಐವತ್ತಾರು ಮಾಮ ಅಂದೆ. ನಾಲ್ಕನೆಯ ಸಲ ಜಿಪ್ಪನ್ನು ಮುಟ್ಟಿ ನೋಡಿದೆ. ಕೌಂಟರಿನಲ್ಲಿ ಬೆರಳಿನ ಗುರುತು ತೆಗೆದುಕೊಳ್ಳುವ ಹುಡುಗಿ, ಒತ್ತಿ ಸರ್, ಇನ್ನೂ ಒತ್ತಿ, ಇಷ್ಟೊಂದು ಬೇಡ, ಪರದೆಯ ಮೇಲೆ ಹತ್ತು ಚೌಕ, ಹತ್ತೂ ಚೌಕದಲ್ಲಿ ಗೆರೆಯೇ ಇಲ್ಲದ ಬೂದು ಕಲೆ, ಏನು ಕೆಲಸ ಸರ್ ನಿಮ್ದು ಅಂದಳು, ಜನರ ಮುಖ ಬದಲಾಯಿಸ್ತೀನಮ್ಮ ಅಂದುಬಿಟ್ಟ ಮಾಮ, ಅದೂ ಪಾಸ್‌ಪೋರ್ಟ್ ನೋಡುವ ಕಚೇರಿಯಲ್ಲಿ, ನಾನು ನಡುವೆ ಬಾಯಿ ಹಾಕಿ ಸಿನಿಮಾ, ಸಿನಿಮಾದ ಮೇಕಪ್ ಎಂದು ಎರಡೆರಡು ಸಲ ಹೇಳಿದೆ. ಗಡ್ಡ ಅಂಟಿಸುವ ಗೋಂದು, ಬಿಡಿಸುವ ಸ್ಪಿರಿಟ್ಟು, ನಲವತ್ತೊಂದು ವರ್ಷ ತಿಕ್ಕಿ ತಿಕ್ಕಿ ಬೆರಳಿನ ಗೆರೆಗಳೇ ಸವೆದು ಹೋಗಿವೆ. ಕ್ರೀಮ್ ಹಚ್ಚಿ ಚೆನ್ನಾಗಿ ನೀವಿ ಬನ್ನಿ, ಅರ್ಧ ಗಂಟೆ ಬಿಟ್ಟು ನೋಡೋಣ, ಇವತ್ತು ಬರದಿದ್ರೆ ಮುಂದಿನ ದಿನ ಸಿಗೋದು ಮೂರು ವಾರಕ್ಕೆ ಅಂದಳು, ಮೂರು ವಾರಕ್ಕೆ ನಾವು ಸರೋವರದ ದಡದಲ್ಲಿರುತ್ತೇವೆ.

ಕಾರಿಡಾರಿನ ಬೆಂಚಿನಲ್ಲಿ ಅವನ ಕೈ ನನ್ನ ಮಡಿಲಲ್ಲಿ, ಒಂದೊಂದೇ ಬೆರಳಿಗೆ ಕ್ರೀಮ್ ಹಚ್ಚಿ ನೀವುತ್ತಿದ್ದೇನೆ, ಗಾಜಿನ ಗೋಲಿಯ ಹಾಗೆ ನುಣ್ಣಗಿವೆ ತುದಿಗಳು, ತಲೆ ಎತ್ತದೆ ಕೇಳಿದೆ, ಎಷ್ಟು ದಿನದಿಂದ ಮಾಮ. ಯಾವುದು ಅಂತ ಅವನು ಕೇಳಲಿಲ್ಲ. ಆರು ತಿಂಗಳಾಯ್ತು, ನಡುಮಧ್ಯ ಹೊಗೆ ಹಿಡಿದಂಗೆ ಇರುತ್ತೆ, ಸುತ್ತ ಸುತ್ತ ಕಾಣುತ್ತೆ, ಆಪರೇಷನ್‌ಗೂ ಬಗ್ಗಲ್ವಂತೆ. ಮನೇಲಿ ಗೊತ್ತಾ. ಅವಳಿಗೆ ಹೇಳಿದ್ರೆ ಸಾರಿಗೆ ಉಪ್ಪೂ ನನ್ನ ಕೈಲಿ ಹಾಕ್ಸಲ್ಲ, ಬಿಡು. ಆಮೇಲೆ ತಾನೇ ಅಂದ, ಡೈರೆಕ್ಟರ್‌ಗೆ ಹೇಳೋದಾದ್ರೆ ಹೇಳಮ್ಮ, ನಿನ್ನ ಕೆಲಸ ಅದು, ನಾನು ಬೇಜಾರು ಮಾಡ್ಕೊಳಲ್ಲ. ನಾನು ಅವನ ಹೆಬ್ಬೆರಳಿಗೆ ಕ್ರೀಮ್ ಹಚ್ಚಿದೆ. ಕಣ್ಣು ಮುಚ್ಚು ನೋಡೋಣ ಅಂದ. ಮುಚ್ಚಿದೆ, ಯಾಕೆ ಎಂದು ಕೇಳದೆ, ಕ್ರೀಮಿನ ವಾಸನೆಯ ಬೆರಳು ಹಣೆಯಿಂದ ಇಳಿಯಿತು, ಮೂರು ದಿನದಿಂದ ನಿದ್ದೆ ಮಾಡಿಲ್ಲ ನೀನು, ಮಲಗಿದಾಗ ಎಡಗಡೆ ಹಲ್ಲು ಕಚ್ಚಿಕೊಳ್ತೀಯ, ಇಲ್ಲಿ ಗಂಟಾಗಿದೆ, ಯಾರಿಗೂ ಗೊತ್ತಿಲ್ಲದ ಗಂಟು, ಬೆರಳು ದವಡೆಯಿಂದ ಮೇಲಕ್ಕೆ ಕಣ್ಣಿನ ತುದಿಗೆ ಬಂದು ಅಲ್ಲಿ —

ಐವತ್ತೇಳು, ಐವತ್ತೆಂಟು, ಮತ್ತೆ ಆ ಹುಡುಗಿ, ಮೂರನೆಯ ಸಲಕ್ಕೆ ಬೂದು ಕಲೆಯೊಳಗೆ ಒಂದೆರಡು ಗೆರೆ ಮೂಡಿದವು, ಸಾಕು ಸರ್ ಅಂದಳು, ಮಾಮ ಟೋಪಿ ತೆಗೆದು ಅವಳಿಗೆ ನಮಸ್ಕಾರ ಮಾಡಿದ. ಈಗ ಮತ್ತೆ ಈ ಮೇಜಿನ ಮುಂದೆ ಕೂತು ಫೈಲಿನ ಪಾರದರ್ಶಕ ಹೊದಿಕೆಯಿಂದ ಒಂದು ತುಂಡು ಕತ್ತರಿಸುತ್ತಿದ್ದೇನೆ, ಹುಬ್ಬಿನ ತುದಿಗೆ ಒಂದು ಕಚ್ಚು, ತುಟಿಯ ಅಂಚಿಗೆ ಒಂದು ಕಚ್ಚು, ನಡುವೆ ಗಾಯದ ಆಕಾರದ ತೂತು, ಇನ್ನು ಮೇಲೆ ಪ್ರತಿ ಬೆಳಿಗ್ಗೆ ಹೀರೊನ ಕೆನ್ನೆಗೆ ನಾನೇ ಇದನ್ನು ಹಿಡಿಯುತ್ತೇನೆ, ತೂತಿನ ಒಳಗೆ ಮಾಮನ ಬೆರಳು ತನ್ನ ಕೆಲಸ ಮಾಡಿಕೊಳ್ಳಲಿ, ತಪ್ಪಾದರೆ ನನ್ನ ತಲೆಯ ಮೇಲೆ ಬರಲಿ. ಡೈರೆಕ್ಟರ್ ಬಂದ. ಏನಕ್ಕ ಅದು ಕತ್ತರಿಸ್ತಾ ಇರೋದು. ಗಾಯದ ಅಳತೆಗೆ ಅಂದೆ. ಮಾಮನ ಬೆರಳು ತಗೊಳ್ತಾ ಮೆಷಿನ್ನು. ತಗೊಳ್ತು. ಬೇರೇನೂ ತೊಂದ್ರೆ ಇಲ್ವಲ್ಲ, ಇದ್ರೆ ಈಗ್ಲೇ ಹೇಳಿ, ಆ ಹುಡುಗಿಗೆ ಹೂಂ ಅಂದ್ಬಿಡ್ತೀನಿ. ಬಾಗಿಲಿಗೆ ಒರಗಿ ಅವನು ಕಾಯುತ್ತಿದ್ದಾನೆ, ಒಳ್ಳೆಯ ಹುಡುಗ, ನನ್ನನ್ನು ನಂಬುತ್ತಾನೆ, ಹದಿನೈದು ವರ್ಷದಲ್ಲಿ ಕೆಲಸದ ವಿಷಯಕ್ಕೆ ನಾನು ಯಾರಿಗೂ ಮುಚ್ಚಿಟ್ಟವಳಲ್ಲ, ಒಂದು ಮಾತನ್ನೂ ತೂಗದೆ ಆಡಿದವಳಲ್ಲ — ಇಲ್ಲ, ಮಾಮ ಬರ್ತಾನೆ, ಅಂದೆ. ಅವನು ಹೋದ. ಹದಿನೆಂಟನೆಯ ಹೆಸರು ಬರೆದೆ, ಕಳಿಸಿದೆ. ಡೈರೆಕ್ಟರ್‌ಗೆ ಹೇಳುವುದಿಲ್ಲ, ಕ್ಯಾಮೆರಾದವನಿಗೆ ಹೇಳುವುದಿಲ್ಲ, ಬೀಳ್ಕೊಡಲು ಬರುವ ಮಾಮನ ಹೆಂಡತಿ ನನ್ನ ಕೈ ಹಿಡಿದು ಕೇಳಿದರೂ ಹೇಳುವುದಿಲ್ಲ, ಯಾರಿಗೂ ಇಲ್ಲ, ಆ ಬೆಂಚು, ಆ ಕ್ರೀಮಿನ ವಾಸನೆ, ಬೆರಳು ದವಡೆಯಿಂದ ಮೇಲಕ್ಕೆ ಬಂದು ಕಣ್ಣಿನ ತುದಿಯಲ್ಲಿ ನಿಂತಿತು, ಇಲ್ಲಿ ಒದ್ದೆ ಇದೆಯಲ್ಲಮ್ಮ, ಬಣ್ಣ ಹಿಡಿಯಲ್ಲ ಅಂದ, ತೆಗೆಯಲಿಲ್ಲ, ಒಣಗುವ ತನಕ ಆ ಗೆರೆಯಿಲ್ಲದ ಬೆರಳು ಅಲ್ಲೇ ಇತ್ತು.