ಪಕ್ಕದಲ್ಲೇ, ಬೇರೆಯಾಗಿ

"ತಲೆ ಕಡೆ ಎತ್ತಿ! ಕಾಲ್ ಕಡೆ ಸ್ವಲ್ಪ ಇಳಿಸಿ!"

ಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಹೊರಗಿನವರು ಎಳೆಯುತ್ತಿದ್ದರು, ಒಳಗಿನವರು ತಳ್ಳುತ್ತಿದ್ದರು. ಹೊಳೆದಂಡೆಯ ಬುಡಕಟ್ಟಿನವರಿಗೆಂದು ಸರ್ಕಾರ ಕಟ್ಟಿಸಿಕೊಟ್ಟ ಸಾಲುಮನೆಗಳ ಬಾಗಿಲುಗಳಿಗೆ ಬದುಕಿದ್ದವರ ಅಳತೆ ಮಾತ್ರ ಗೊತ್ತಿತ್ತು.

"ಬದುಕಿದ್ದಾಗ್ಲೇ ಯಾರು ಹೇಳಿದ ಕಡೆಗೂ ತಿರುಗಿದೋಳಲ್ಲ ಬುಟ್ಟಿಯಜ್ಜಿ," ಎಂದ ಪಕ್ಕದ ಮನೆಯ ಗಾರೆಯವ. "ಈಗ ತಿರುಗ್ತಾಳಾ?"

ಒಂದಿಬ್ಬರು ನಕ್ಕರು. ಅಜ್ಜಿಯ ಮಗಳು ನಗಲಿಲ್ಲ, ಅಳಲೂ ಇಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿಯುವವಳು. ಬೆಳಗಿನಿಂದ ಅವಳ ಕಿವಿಯಲ್ಲಿ ಅಲ್ಲಿನ ಯಂತ್ರದ ಗುಂಯ್ ಸದ್ದೇ ತುಂಬಿಕೊಂಡಿತ್ತು. ಪೆಟ್ಟಿಗೆ ಉಜ್ಜಿ ಬಾಗಿಲ ಚೌಕಟ್ಟಿನ ಬಣ್ಣ ಕಿತ್ತುಹೋಯಿತು. ಮತ್ತೆ ಬಳಿಸಬೇಕು, ಎಂದುಕೊಂಡಳು.

ಒಳಗೆ ಮಗು ಅತ್ತಿತು. ಅವಳ ಮೊಮ್ಮಗ, ಹುಟ್ಟಿ ಒಂದು ವಾರ. ಇಡೀ ಬೀದಿಯಲ್ಲಿ ಬುಟ್ಟಿ ಇಲ್ಲದ ಕೂಸು ಅದೊಂದೇ.

"ಸ್ವಂತ ಮರಿಮಗನಿಗೇ ಹೆಣೆದಿಡಲಿಲ್ವಲ್ಲ!" ಎಂದಳು ನೆರೆಯವಳೊಬ್ಬಳು.

"ಕೂಸು ಹುಟ್ಟೋಕ್ ಮುಂಚೆ ಕುಲಾವಿ ಬೇಡ ಅನ್ನೋದು ಅವಳ ಹಟ. ಹುಟ್ಟಿದ ಮೇಲೆ ಕೈ ಏಳ್ಲಿಲ್ಲ."

*

ಮಲಗಿದಲ್ಲೇ ಕೂಸು ಸಾಯುವುದು ಆ ಬೀದಿಗೆ ಹೊಸದಾಗಿರಲಿಲ್ಲ. ಹಿಂದೊಮ್ಮೆ ಆರೋಗ್ಯ ಕೇಂದ್ರದ ನರ್ಸ್ ಹೆರಿಗೆಯಾದ ಮನೆಗಳಿಗೆಲ್ಲ ಕಬ್ಬಿಣದ ಪುಟ್ಟ ಮಂಚ ಹಂಚಿಸಿದ್ದಳು. ಕೂಸು ಅದರಲ್ಲಿ ಒಂಟಿಯಾಗಿ ಮಲಗಬೇಕು. ಜನ ಬೇಡವೆನ್ನದೆ ತೆಗೆದುಕೊಂಡು ಅದರಲ್ಲಿ ಈರುಳ್ಳಿ ಹರಡಿದರು. ಗಾರೆಯವನ ಮನೆಯಲ್ಲಿ ಕೋಳಿ ಕಾವಿಗೆ ಕೂತಿತು. ತಾಯಿಯ ಮಗ್ಗುಲಿನಿಂದ ಕೂಸನ್ನು ತೆಗೆಯುವುದೆಂದರೆ ಆ ಜನಕ್ಕೆ ಅದನ್ನು ಮನೆಯಿಂದ ಹೊರಗೆ ಹಾಕಿದಂತೆ.

ಆಗ ಬೆತ್ತದ ಕೆಲಸದ ಅಜ್ಜಿ, ಗೇಣು ಎತ್ತರದ ಅಂಚಿನ ಚಪ್ಪಟೆ ಬುಟ್ಟಿಯೊಂದನ್ನು ಹೆಣೆದು ನರ್ಸಿನ ಮೇಜಿನ ಮೇಲಿಟ್ಟಳು. ಹಾಸಿಗೆಯ ಮೇಲೇ ಇಡಬಹುದು, ತಾಯಿ ಕೈ ಚಾಚಿದರೆ ಸಿಗುತ್ತದೆ, ಆದರೆ ಯಾರೂ ಕೂಸಿನ ಮೇಲೆ ಹೊರಳಲಾರರು. ಒಳಗೆ ಹತ್ತಿ ತುಂಬಿ ಕಸೂತಿ ಹಾಕಿದ ಮೆತ್ತೆ. ನರ್ಸ್ ಬುಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮೆತ್ತೆಯನ್ನು ಎಳೆದು ಹೊರಗಿಟ್ಟಳು.

"ಬುಟ್ಟಿ ಬಂಗಾರ ಕಣಮ್ಮ. ಇದು ಬೇಡ. ಮೆತ್ತಗಿದ್ರೆ ಮುಖ ಹೂತು ಉಸಿರು ಕಟ್ಟುತ್ತೆ. ತಳ ಗಟ್ಟಿಯಾಗಿರ್ಲಿ, ಒಂದು ಬಟ್ಟೆ ಬಿಗಿಯಾಗಿ ಹಾಸಿ, ಅಂಗಾತ ಮಲಗಿಸಿ."

"ಕಣ್ಣು ಹೋಗೋ ಹಾಗೆ ಕೂತು ಹೊಲಿದಿದ್ದೀನಿ!"

ಅಜ್ಜಿ ಕೆಲವು ದಿನ ನರ್ಸಿನ ಜತೆ ಮಾತು ಬಿಟ್ಟಳು. ಆಮೇಲೆ ಮೆತ್ತೆಯನ್ನು ತನ್ನ ತಲೆದಿಂಬು ಮಾಡಿಕೊಂಡು, ಕೂಸು ಹುಟ್ಟಿದ ಮನೆಗೆಲ್ಲ ಬುಟ್ಟಿ ಹೊತ್ತು ಹೋಗಿ ನರ್ಸ್ ಹೇಳಿದ್ದನ್ನೇ ಹೇಳಿದಳು.

ಒಬ್ಬಳೆದುರು ಮಾತ್ರ ಆ ಮಾತು ತೆಗೆಯಲಿಲ್ಲ. ಅವಳು ಪಕ್ಕದ ಸಾಲಿನಲ್ಲಿದ್ದ ತಂಗಿ. ತಂಗಿಯ ಚೊಚ್ಚಲು ಕೂಸು ಬಹಳ ಹಿಂದೆ ಅವಳ ಮಗ್ಗುಲಲ್ಲೇ, ಒಂದೇ ಕಂಬಳಿಯೊಳಗೆ, ಬೆಳಗಾಗುವಷ್ಟರಲ್ಲಿ ತಣ್ಣಗಾಗಿತ್ತು. ಮತ್ತೆ ಮಕ್ಕಳಾಗಲಿಲ್ಲ. ಗಾಳಿ ಸೋಕಿತು ಎಂದರು ಎಲ್ಲರೂ.

"ಆ ಗಾಳಿ ಹಾಗೇ ಇರ್ಲಿ ಬಿಡು," ಎಂದಿದ್ದಳು ಅಜ್ಜಿ ಮಗಳಿಗೆ. "ಈ ಮಾತು ಅವಳ ಕಿವಿಗೆ ಬೀಳಬಾರ್ದು. ಭಾಷೆ ಕೊಡು."

ಮಗಳು ಕೊಟ್ಟಿದ್ದಳು.

*

ಮಣ್ಣು ಮಾಡಿ ಬಂದಾಗ ಮಧ್ಯಾಹ್ನ ಇಳಿಯುತ್ತಿತ್ತು. ಚಳಿ. ಗಂಡಸರು ಹೊರಕೋಣೆಯಲ್ಲಿ, ಹೆಂಗಸರೆಲ್ಲ ಒಳಗಿನ ಒಂದೇ ದೊಡ್ಡ ಹಾಸಿಗೆಯಲ್ಲಿ. ಬಾಣಂತಿ ಗೋಡೆಗೆ ಮುಖ ಮಾಡಿ ಮೈಮರೆತು ನಿದ್ದೆ ಹೋಗಿದ್ದಳು. ಅವಳ ಬೆನ್ನಿಗೂ ಚಿಕ್ಕಮ್ಮನ ಎದೆಗೂ ನಡುವೆ ಮಗು, ಶಾಲು ಮೂಗಿನವರೆಗೆ. ಅಜ್ಜಿಯ ಆ ತಂಗಿಯೇ ಚಿಕ್ಕಮ್ಮ. ಅವಳ ಕಣ್ಣೂ ಎಳೆಯುತ್ತಿತ್ತು.

"ಚಿಕ್ಕಮ್ಮ, ಮಗೂನ ಇತ್ತ ಕೊಡಿ," ಎಂದಳು ಮಗಳು.

"ಯಾಕೆ? ಬೆಚ್ಚಗಿದೆಯಲ್ಲ."

"ನಾನು ಎತ್ಕೋತೀನಿ."

"ನಿನ್ನೆಯಿಂದ ಕಣ್ಣು ಮುಚ್ಚಿಲ್ಲ ನೀನು, ಕೂತಲ್ಲೇ ಬೀಳ್ತೀಯ. ಸಾವಿನ ಮನೇಲಿ ಕೂಸನ್ನ ಒಂಟಿ ಬಿಡ್ತಾರೇನೇ?"

"ಹಾಗಲ್ಲ..."

"ಮತ್ತೆ ಹೇಗೆ?"

ಕಾರಣ ಹೇಳಿದರೆ ಆ ಹಳೆಯ ಬೆಳಗು ಎದ್ದು ಬಂದು ಹಾಸಿಗೆಯಲ್ಲಿ ಕೂರುತ್ತದೆ. ಹೇಳದಿದ್ದರೆ ಶಾಲು ಇನ್ನೊಂದು ಬೆರಳು ಮೇಲೇರುತ್ತದೆ. ಮಗಳು ಬಗ್ಗಿ ಶಾಲನ್ನು ಕೆಳಗೆಳೆದಳು. ಚಿಕ್ಕಮ್ಮ ಮತ್ತೆ ಹೊದಿಸಿದಳು. ಇವಳು ಮತ್ತೆ ಎಳೆದಳು.

"ಮುಖ ಮುಚ್ಚಬಾರ್ದು ಚಿಕ್ಕಮ್ಮ. ನಮ್ಮ ಮಧ್ಯೆ ಮಲಗಿಸಬಾರ್ದು. ನಿದ್ದೇಲಿ ನಮಗೆ ಗೊತ್ತಾಗಲ್ಲ, ಅದರ ಉಸಿರು..."

ಕೊಟ್ಟ ಭಾಷೆ ಮುರಿದಿತ್ತು. ಅದನ್ನು ಕೇಳಿ ಪಡೆದವಳ ಮೇಲಿನ ಮಣ್ಣು ಇನ್ನೂ ಹಸಿ. ಹಾಸಿಗೆಯ ಹೆಂಗಸರು ಮಾತು ನಿಲ್ಲಿಸಿದರು.

"ನಿಮ್ಮಮ್ಮ ಬೀದಿಗೆಲ್ಲ ಸಾರಿದ್ಲು," ಎಂದಳು ಚಿಕ್ಕಮ್ಮ. "ನಮ್ಮನೆ ಹತ್ರ ಬಂದಾಗ ಮಾತ್ರ ದನಿ ಇಳಿಸ್ತಿದ್ಲು. ತೆಳ್ಳನೆ ಗೋಡೆ ಕಣೇ. ಎಲ್ಲ ಕೇಳಿಸ್ತಿತ್ತು."

"ಅದಕ್ಕೇ ಹಾಗಾಯ್ತು ಅಂತೇನಿಲ್ಲ. ಅದನ್ನ ಯಾರೂ ಹೇಳೋಕಾಗಲ್ಲ."

"ಇರ್ಬಹುದು, ಇಲ್ದೇನೂ ಇರ್ಬಹುದು. ಒಂದಿನ ಅವಳೇ ಬಂದು ಹೇಳ್ತಾಳೆ ಅಂತ ಕಾಯ್ತಿದ್ದೆ. ಜತೇಲಿ ಕೂತು ಅತ್ತುಬಿಡಬಹುದಿತ್ತು."

ಮಗಳು ಶಾಲಿನ ಅಂಚನ್ನು ಕೈಬಿಟ್ಟಳು.

"ಇವತ್ತೊಂದಿನ ಪಕ್ಕದಲ್ಲೊಂದು ಕೂಸಿರ್ಲಿ ಅನ್ನಿಸ್ತು," ಎಂದಳು ಚಿಕ್ಕಮ್ಮ. "ಎಚ್ಚರ ಇರ್ತೀನಿ ಅಂದ್ಕೊಂಡೆ." ಶಾಲನ್ನು ತಾನೇ ಎಳೆದು ತೆಗೆದು, ಮಗುವನ್ನು ಎತ್ತಿಕೊಂಡಳು. "ಕಂಬದ ಹಾಗೆ ನಿಂತ್ಕೊಂಡು ಏನ್ ನೋಡ್ತೀಯ? ಬೀರುವಿನ ಕೆಳಗಿನ ಡ್ರಾಯರು ಎಳಿ."

ಡ್ರಾಯರಿನ ತುಂಬ ಅಮ್ಮನ ಬಟ್ಟೆ. ಮಗಳು ಎಲ್ಲವನ್ನೂ ನೆಲಕ್ಕೆ ಸುರಿದಳು. ಖಾಲಿ ತಳಕ್ಕೆ ಒಂದೇ ದುಪ್ಪಟಿ ಮಡಿಸಿ, ಮೂಲೆಗಳನ್ನು ಅಡಿಗೆ ಸಿಕ್ಕಿಸಿ, ಸುಕ್ಕಿಲ್ಲದಂತೆ ಎಳೆದು ಹಾಸಿ ಹಾಸಿಗೆಯ ಪಕ್ಕದಲ್ಲಿ ಇಟ್ಟಳು. ಚಿಕ್ಕಮ್ಮ ಮಗುವನ್ನು ಅಂಗಾತ ಮಲಗಿಸಿದಳು. ಅದರ ಎರಡೂ ಕೈ, ಸಿಕ್ಕಿಬಿದ್ದ ಕಳ್ಳನ ಕೈಗಳಂತೆ ಮೇಲಕ್ಕೆ ಹೋದವು.

ಹೆಂಗಸರು ನಿಧಾನಕ್ಕೆ ಮಾತಿಗೆ ಮರಳಿದರು. ಚಿಕ್ಕಮ್ಮ ನೆಲದಲ್ಲೇ ಕೂತು, ಮಗುವಿನ ಹೊಟ್ಟೆಯ ಮೇಲೆ ತಾಗದಷ್ಟು ಎತ್ತರದಲ್ಲಿ ಅಂಗೈ ಹಿಡಿದಿದ್ದಳು. ಪುಟ್ಟ ಅಂಗಿ ಮೇಲೇರಿತು, ಅಂಗೈ ಮುಟ್ಟುವ ಮೊದಲೇ ಇಳಿಯಿತು, ಮತ್ತೆ ಏರಿತು.