ಅರವತ್ತೊಂದನೆಯ ಪ್ರಶ್ನೆ

ನೂರ ಹದಿನಾಲ್ಕು ಪ್ರಶ್ನೆಗಳ ಫಾರ್ಮ್ ತಯಾರಿಸಿದ ಪುಣ್ಯಾತ್ಮರು ಒಂದು ದಿನವಾದರೂ ಯಾರದಾದರೂ ದನದ ಹಟ್ಟಿಯ ಬಾಗಿಲಲ್ಲಿ ನಿಂತು ಅದನ್ನು ತುಂಬಿಸಿ ನೋಡಬೇಕಿತ್ತು. ಸೆಗಣಿ ಬಾಚುತ್ತಿರುವ ಹೆಂಗಸಿನ ಹತ್ತಿರ ಹೋಗಿ, ನಿಮ್ಮ ಹಸು ಮೂರು ವರ್ಷದಲ್ಲಿ ಎಷ್ಟು ಸಲ ಬೆದೆಗೆ ಬಂತು ಎಂದು ಕೇಳಿದರೆ ಅವಳು ಮೊದಲು ನಿಮ್ಮ ಮುಖ ನೋಡುತ್ತಾಳೆ, ಆಮೇಲೆ ಕೈಯಲ್ಲಿರುವ ಹಿಡಿಸೂಡಿ ಪೊರಕೆ ನೋಡುತ್ತಾಳೆ. ಈ ಸಿಟ್ಟೆಲ್ಲ ನನ್ನ ತಪ್ಪನ್ನು ಮುಚ್ಚಿಕೊಳ್ಳಲಿಕ್ಕೆ ಎಂದು ನನಗೆ ಗೊತ್ತಿದೆ. ಆದರೂ ಸಿಟ್ಟು ಬರುತ್ತದೆ.

ನಾನು ಮುಖೇಶ್. ಮಂಗಳೂರಿನ ಮನೆಗಳಲ್ಲಿ ಸಾಕಿದ ಹಸುಗಳಲ್ಲಿ ಕಂದು ರೋಗ ಎಷ್ಟಿದೆ, ಅದು ಸಾಕುವವರಿಗೆ ಹೇಗೆ ಅಂಟುತ್ತದೆ ಎಂದು ಹುಡುಕುವ ಸಂಶೋಧನೆಯೊಂದರಲ್ಲಿ ಮೂರು ವರ್ಷದಿಂದ ಕೆಲಸಕ್ಕಿದ್ದೇನೆ. ಈ ರೋಗ ಬಂದ ಹಸು ಏಳನೆಯ ತಿಂಗಳಿಗೋ ಎಂಟಕ್ಕೋ ಕಂದು ಹಾಕುತ್ತದೆ, ಅಂದರೆ ಗರ್ಭ ಇಳಿದುಹೋಗುತ್ತದೆ. ಆಮೇಲೆ ಮೊದಲಿನ ಹಾಗೇ ಮೇಯುತ್ತದೆ, ಮತ್ತೆ ಗಬ್ಬವಾಗುತ್ತದೆ, ಕರು ಹಾಕುತ್ತದೆ. ರೋಗ ಮಾತ್ರ ಒಳಗೇ ಕೂತಿದ್ದು ಹಾಲಿನಲ್ಲಿ, ಕರುವಿನ ಹಿಂದೆ ಬೀಳುವ ಮಾಸಿನಲ್ಲಿ ಹೊರಗೆ ಬರುತ್ತದೆ. ಹಸುವಿಗೆ ಮದ್ದಿಲ್ಲ. ಮನುಷ್ಯರಿಗೆ ಬೇಗ ಗೊತ್ತಾದರೆ ಆರು ವಾರದ ಮಾತ್ರೆ ಸಾಕು.

ಮನೆಮನೆಯಿಂದ ಹಾಲಿನ ಮಾದರಿ ತರುವುದು, ಫಾರ್ಮ್ ತುಂಬಿಸುವುದು, ಪ್ರತಿ ಮನೆಗೂ ಒಂದು ಪೆಟ್ಟಿಗೆ ಗ್ಲೌಸ್ ಕೊಡುವುದು ನನ್ನ ಮತ್ತು ಇನ್ನಿಬ್ಬರ ಕೆಲಸ. ಎಲ್ಲದರ ಮೇಲೆ ಇರುವವರು ಉಳ್ಳಾಲದ ಪಶುವೈದ್ಯೆ ಡಾಕ್ಟರ್ ಫಾಯಿಝಾ. ಫಾರ್ಮಿನ ಅರವತ್ತೊಂದನೆಯ ಪ್ರಶ್ನೆ, ಮಾಸು ತೆಗೆಯುವಾಗ ಗ್ಲೌಸ್ ಹಾಕುತ್ತೀರಾ ಎಂದು. ಇಲ್ಲ ಎಂದವರ ರಕ್ತವನ್ನು ಆರು ತಿಂಗಳಿಗೊಮ್ಮೆ ಪರೀಕ್ಷಿಸುತ್ತಾರೆ. ಹೌದು ಎಂದವರ ತಂಟೆಗೆ ಯಾರೂ ಹೋಗುವುದಿಲ್ಲ, ಎಲ್ಲರಿಗೂ ಆಗುವಷ್ಟು ಪರೀಕ್ಷೆಯ ಕಿಟ್ ಎಲ್ಲಿಂದ ಬರಬೇಕು?

ಪಡೀಲಿನಲ್ಲಿ ನನ್ನ ಚಿಕ್ಕಮ್ಮ ಕಿನ್ನಿಯ ಮನೆ. ಎರಡು ಫ್ಲ್ಯಾಟುಗಳ ನಡುವೆ ಸಿಕ್ಕಿಕೊಂಡ ಹದಿನೈದು ಸೆಂಟ್ಸ್ ಜಾಗ, ಮೂರು ಹಸು, ಕಂಪೌಂಡಿನ ಮೂಲೆಯಲ್ಲಿ ಒಂದು ಹಲಸಿನ ಮರ. ಸುತ್ತಮುತ್ತ ಯಾರ ಹಸುವಿಗೆ ಮಾಸು ಬೀಳದಿದ್ದರೂ ಕರೆ ಬರುವುದು ಚಿಕ್ಕಮ್ಮನಿಗೆ. ಮೊಣಕೈವರೆಗೆ ತೆಂಗಿನೆಣ್ಣೆ ಹಚ್ಚಿಕೊಂಡು, ಕಣ್ಣು ಮುಚ್ಚಿ, ಒಳಗೆ ಕೈ ಹಾಕಿ ಒಂದು ಎಳೆಯೂ ಹರಿಯದ ಹಾಗೆ ಬಿಡಿಸುತ್ತಿದ್ದರು. ಆಮೇಲೆ ಅದನ್ನು ಬೈಹುಲ್ಲಿನಲ್ಲಿ ಸುತ್ತಿ, ಗೋಣಿಯಲ್ಲಿ ಗಂಟು ಕಟ್ಟಿ, ಹಲಸಿನ ಕೊಂಬೆಗೆ ನೇತುಹಾಕಬೇಕು. ಹಾಲು ಸುರಿಯುವ ಮರಕ್ಕೆ ಕಟ್ಟಿದರೆ ಹಸುವಿನ ಹಾಲು ಬತ್ತುವುದಿಲ್ಲ ಎಂದು ನಂಬಿಕೆ. ವಾಸನೆಗೆ ಫ್ಲ್ಯಾಟಿನವರು ಎಷ್ಟು ಸಲ ಜಗಳಕ್ಕೆ ಬಂದರೂ ಚಿಕ್ಕಮ್ಮ ಮರ ಬದಲಿಸಲಿಲ್ಲ.

ಅವರ ಫಾರ್ಮ್ ತುಂಬಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಮೊದಲು ಗ್ಲೌಸಿನ ಪೆಟ್ಟಿಗೆ ಕೊಟ್ಟೆ. ಚಿಕ್ಕಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ನಾನು ಸಂಬಳಕ್ಕೆ ಸೇರಿದ ಮೇಲೆ ಆ ಮನೆಗೆ ಕೊಟ್ಟ ಮೊದಲ ವಸ್ತು ಅದು. ಕಾಫಿ ಬಂತು, ಗೋಳಿಬಜೆ ಬಂತು. ಅರವತ್ತೊಂದನೆಯ ಪ್ರಶ್ನೆಗೆ ಬಂದಾಗ ನನ್ನ ಬಾಯಿ ಕಟ್ಟಿತು. ಕೈಯಾರೆ ಒಂದು ವಸ್ತು ಕೊಟ್ಟು, ಅದನ್ನು ಬಳಸುತ್ತೀರಾ ಎಂದು ಆ ಕ್ಷಣವೇ ಕೇಳುವುದು ಯಾವ ಮರ್ಯಾದೆ? ಅದೂ ನಮ್ಮ ಮನೆಯ ಹಸುಗಳ ಬಾಣಂತನ ಮಾಡಿದವರ ಹತ್ತಿರ? ಕೇಳಲಿಲ್ಲ. ಹೌದು ಎಂದು ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದೆ. ಅಲ್ಲಿ ಮಾತ್ರ ಅಲ್ಲ, ನಾನು ಗ್ಲೌಸ್ ಕೊಟ್ಟ ಎಲ್ಲ ಮನೆಗಳಲ್ಲೂ ಹಾಗೇ ಮಾಡಿದ್ದೆ.

ಅದಾಗಿ ಕೆಲವು ತಿಂಗಳಲ್ಲಿ ಚಿಕ್ಕಮ್ಮನ ಹಸು ಕೆಂಪಿ ಕಂದು ಹಾಕಿತು. ಹಾಲಿನಲ್ಲಿ ರೋಗ ಸಿಕ್ಕಿತು. ಹಾಲನ್ನು ಚೆನ್ನಾಗಿ ಕುದಿಸಿ ಎಂದು ನಾನೇ ಹೋಗಿ ಹೇಳಿ ಬಂದೆ, ಅವರು ಕುದಿಸಿದರು. ಮೇ ತಿಂಗಳಿನಿಂದ ಚಿಕ್ಕಮ್ಮನಿಗೆ ಸಂಜೆಯಾದರೆ ಜ್ವರ, ಸೊಂಟ ನೋವು. ಮಲೇರಿಯಾ ಎಂದರು, ಡೆಂಗಿ ಎಂದರು, ಟೈಫಾಯಿಡ್ ಎಂದರು, ಕೊನೆಗೆ ವಯಸ್ಸಾಯಿತು ಎಂದರು. ಅದೇ ರೋಗ ಇರಬಹುದಾ ಎಂದು ನನಗೂ ಒಮ್ಮೆ ಅನಿಸಿತ್ತು. ಇವರು ಗ್ಲೌಸ್ ಹಾಕುವವರಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ನಾನೇ ಬರೆದ ಸುಳ್ಳನ್ನು ನಾನೇ ನಂಬಿದೆ. ಎಂಟು ತಿಂಗಳಾದ ಮೇಲೆ ದೊಡ್ಡ ಆಸ್ಪತ್ರೆಯಲ್ಲಿ ರಕ್ತದಲ್ಲಿರುವ ರೋಗಾಣು ಬೆಳೆಸಿ ನೋಡಿ, ಕಂದು ರೋಗ ಎಂದರು. ಅಷ್ಟರಲ್ಲಿ ಅದು ಹೃದಯದ ಕವಾಟವನ್ನು ತಿಂದುಬಿಟ್ಟಿತ್ತು. ಆಪರೇಷನ್ ತಡೆಯುವ ದೇಹ ಅಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು. ಹಸುವಿನಿಂದ ಬಂದದ್ದು ಎಂದಷ್ಟೇ ಹೇಳಿದರು. ಮನೆಯವರು ಹಾಲು ಸರಿ ಕುದಿಯಲಿಲ್ಲ ಎಂದುಕೊಂಡರು. ನಾನು ಬಾಯಿ ಬಿಡಲಿಲ್ಲ.

ಗುರುವಾರ, ಸುದ್ದಿ ತಿಳಿದ ಫಾಯಿಝಾ ಮೇಡಂ ಲ್ಯಾಪ್‌ಟಾಪ್ ತೆರೆದು ಚಿಕ್ಕಮ್ಮನ ಫಾರ್ಮ್ ಹುಡುಕಿದರು.

“ಹಾಲು ಪಾಸಿಟಿವ್ ಉಂಟು. ಮತ್ತೆ ರಕ್ತ ಎಂತಕ್ಕೆ ತೆಗೀಲಿಲ್ಲ, ಮುಖೇಶ್?” ಎಂದವರು ಪರದೆ ನೋಡಿ, “ಓ, ಗ್ಲೌಸ್ ಹಾಕ್ತಾರೆ ಅಂತ ಉಂಟು” ಎಂದರು.

“ಹಾಕುದಿಲ್ಲ ಮೇಡಂ. ನಾನು ಕೇಳ್ಲೇ ಇಲ್ಲ.”

ಅವರು ನನ್ನ ಕಡೆ ತಿರುಗಿದರು. “ಎಷ್ಟು ಮನೆಯಲ್ಲಿ ಹೀಗೆ ಮಾಡಿದ್ದೀರಿ?”

“ನಾನು ಹೋದ ಎಲ್ಲಾ ಮನೆಯಲ್ಲಿ.”

ಅವರು ಬೈದಿದ್ದರೆ ಚೆನ್ನಾಗಿತ್ತು. ಲ್ಯಾಪ್‌ಟಾಪ್ ಮುಚ್ಚಿ, ಎರಡೂ ಅಂಗೈಗಳನ್ನು ಅದರ ಮೇಲಿಟ್ಟು ಕೂತರು. “ಮುನ್ನೂರ ಹನ್ನೆರಡು ಮನೆ” ಎಂದರು. “ಮೂರು ವರ್ಷ ಹೋಯ್ತು ಮಾರಾಯ್ರೆ. ಇದನ್ನಿನ್ನು ಯಾರಿಗೂ ತೋರಿಸ್ಲಿಕ್ಕೆ ಆಗುದಿಲ್ಲ. ಮುಂದಿನ ಸಂಶೋಧನೆಗೆ ಕಿಟ್ಟೂ ಸಿಗುದಿಲ್ಲ.” ನಾನು ಎದ್ದಾಗ ತಡೆದರು. “ಮೊದ್ಲು ಮನೆಗೆ ಹೋಗಿ ಹೇಳಿ. ಆ ಹಸು ಮತ್ತೆ ಗಬ್ಬ ಉಂಟಲ್ಲ? ಬರಿಗೈಯಲ್ಲಿ ಯಾರೂ ಮುಟ್ಬಾರ್ದು. ಇವತ್ತೇ ಹೇಳಿ.”

ಅವತ್ತು ಹೇಳಲಿಲ್ಲ. ಬಸ್ಸಿನಲ್ಲಿ ಕೂತು ಪಡೀಲಿನವರೆಗೆ ಹೋದೆ, ಇಳಿಯಲಿಲ್ಲ. ಚಿಕ್ಕಮ್ಮನ ಎದುರು ನಿಂತು, ನಿಮ್ಮನ್ನು ಕೊಲ್ಲುತ್ತಿರುವುದು ನನ್ನ ಮರ್ಯಾದೆ ಎಂದು ಹೇಗೆ ಹೇಳುವುದು? ಶುಕ್ರವಾರವೂ ಹಾಗೇ ಹೋಯಿತು. ನನ್ನಷ್ಟು ಹೇಡಿ ಇನ್ನೊಬ್ಬನಿಲ್ಲ.

ಶನಿವಾರ ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿ ಹೋದೆ. ಗೇಟಿನಲ್ಲೇ ಹಸಿ ಕರುವಿನ ವಾಸನೆ ಬಂತು. ಹೊರಗಿನ ಕೋಣೆಯ ಮಂಚದಲ್ಲಿ ಚಿಕ್ಕಮ್ಮ ದಿಂಬಿಗೆ ಒರಗಿದ್ದರು, ಉಸಿರಿಗೆ ಭುಜ ಏರಿಳಿಯುತ್ತಿತ್ತು. ಮುಖದಲ್ಲಿ ಮಾತ್ರ ಎಷ್ಟೋ ದಿನಗಳ ಮೇಲೆ ನಗು. ಅವರ ತಲೆಯ ಮೇಲೆ, ದೇವರ ಪಟಗಳ ಸಾಲಿನಲ್ಲಿ, ನಾನು ಕೊಟ್ಟ ಗ್ಲೌಸಿನ ಪೆಟ್ಟಿಗೆ ಇತ್ತು. ಸೀಲ್ ಒಡೆದಿರಲಿಲ್ಲ. ಮುಂದೆ ಒಂದು ಬಾಡಿದ ಮಲ್ಲಿಗೆ.

“ಕೆಂಪಿ ಕರು ಹಾಕಿತು ಮಗಾ. ಹೆಣ್ಣು” ಎಂದರು. “ಮಾಸು ಬೀಳ್ತಾ ಇರ್ಲಿಲ್ಲ. ತೃಪ್ತಿ ತೆಗೆದ್ಳು.”

ಚಿಕ್ಕಮ್ಮನ ಮಗಳು ತೃಪ್ತಿ ಹಲಸಿನ ಮರದ ಕಡೆಯಿಂದ ಬರುತ್ತಿದ್ದಳು. ಮೊಣಕೈವರೆಗೆ ಎಣ್ಣೆ, ರಕ್ತ. ಹೆಬ್ಬೆರಳಿನಲ್ಲಿ ಕತ್ತಿ ತಾಗಿದ ಗಾಯ.

“ಬರಿಗೈಯಲ್ಲಿ ಎಂತಕ್ಕೆ ಮುಟ್ಟಿದ್ದು!” ನಾನು ಕಿರುಚಿದ್ದಕ್ಕೆ ಕೆಂಪಿ ಹಗ್ಗ ಜಗ್ಗಿತು.

“ಎಂತಾಯ್ತು ಅಣ್ಣ ನಿಂಗೆ?” ತೃಪ್ತಿ ನಕ್ಕಳು. “ಅಮ್ಮ ಮಲಗಿದಲ್ಲಿಂದ ಪಡೀಲಿಡೀ ನಾನೇ ಅಲ್ವಾ ಹೋಗುದು? ರಬ್ಬರ್ ಹಾಕಿದ್ರೆ ಒಳಗೆ ಎಂತ ಗೊತ್ತಾಗುದಿಲ್ಲ.”

ಚಿಕ್ಕಮ್ಮ ಕಷ್ಟಪಟ್ಟು ತಲೆ ಎತ್ತಿದರು. “ಒಂದು ಎಳೆ ಹರೀಲಿಲ್ಲ ಮುಖೇಶ. ಅವಳ ಕೈ ನನ್ನ ಹಾಗೇ. ನಾನು ಹೋದ್ರೂ ಹಸುಗಳಿಗೆ ತೊಂದ್ರೆ ಇಲ್ಲ.” ಅವರ ಕಣ್ಣು ತುಂಬಿತ್ತು. ಹೇಳಲಿಕ್ಕೆ ತಂದ ಮಾತನ್ನು ಬಿಟ್ಟು ಅಂಗಳಕ್ಕಿಳಿದೆ.

ತೃಪ್ತಿಯನ್ನು ಬಾವಿಕಟ್ಟೆಗೆ ಎಳೆದುಕೊಂಡು ಹೋಗಿ, ಸಾಬೂನು ಹಚ್ಚಿ ಅವಳ ಕೈ ತಿಕ್ಕಿದೆ. ಗಾಯ ಉರಿಯುತ್ತದೆ ಎಂದಳು, ಬಿಡಲಿಲ್ಲ. ನಾಳೆಯೇ ರಕ್ತ ಪರೀಕ್ಷೆ ಮಾಡಿಸಬೇಕು ಎಂದೆ.

“ಅಮ್ಮನನ್ನು ಬಿಟ್ಟು ನಾಳೆ ಎಲ್ಲಿಗೆ ಬರುದು? ಅಮ್ಮನದ್ದು ಒಂದು ಮುಗೀಲಿ” ಎಂದು ಕೈ ಬಿಡಿಸಿಕೊಂಡಳು. “ನಂಗೆ ಎಂತ ಇಲ್ಲ ಅಣ್ಣ. ಸಂಜೆಗೆ ಸ್ವಲ್ಪ ಮೈ ಬಿಸಿ ಆಗ್ತದೆ, ಅಷ್ಟೆ. ನಿದ್ದೆ ಇಲ್ಲ ಅಲ್ವಾ, ಅದಕ್ಕೆ.”