ಏರಿಯ ಮೇಲೆ ಹೂವು ಬೇಡ

“ತಡೀರಿ, ತಡೀರಿ!” ಎನ್ನುತ್ತ ಕೆರೆಯ ಕಾವಲುಗಾರ ಭೀಮಾಶಂಕರ ಗೇಟಿಗೆ ಅಡ್ಡ ಬಂದಾಗ ಚಟ್ಟ ಹೊತ್ತವರು ನಿಂತಲ್ಲೇ ನಿಂತರು. ಹಿಂದಿದ್ದ ತಮಟೆಯವರಿಗೆ ವಿಷಯ ಗೊತ್ತಾಗಲಿಲ್ಲ. ಅವರು ಇನ್ನೂ ಒಂದಷ್ಟು ಬಾರಿಸಿ, ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದರು.

ಕೆಂಡದ ಮಡಕೆ ಹಿಡಿದು ಮುಂದೆ ನಡೆಯುತ್ತಿದ್ದ ಶ್ರೀನಿವಾಸನಿಗೆ ಪಿತ್ತ ನೆತ್ತಿಗೇರಿತು. ಚಟ್ಟದ ಮೇಲಿದ್ದವನು ಅವನ ಅಪ್ಪ ಬೈಲಪ್ಪ. ಹೊರಮಾವಿನ ಈ ಕೆರೆಯಲ್ಲಿ ಹದಿನೈದು ವರ್ಷ ಜೊಂಡು ಕಿತ್ತು, ಏರಿಯ ಮೇಲೆ ಹೊಂಗೆ ನೆಟ್ಟು, ನೀರು ಹೊತ್ತು, ಸಂಬಳವಿಲ್ಲದ ನೌಕರಿ ಮಾಡಿದವನು. ಅವನಿಗೇ ಈಗ ಪ್ರವೇಶವಿಲ್ಲವೆಂದರೆ ಹೇಗೆ?

“ಹೂ ಒಳಗ ಬಿಡಂಗಿಲ್ಲರಿ, ತಮಟಿನೂ ಇಲ್ಲ,” ಎಂದ ಭೀಮಾಶಂಕರ. ಕಲಬುರಗಿ ಕಡೆಯವನು. ಅತ್ತು ಅತ್ತು ಕಣ್ಣುಗಳು ಕೆಂಪಾಗಿದ್ದವು. “ನಾ ಏನ್ ಮಾಡ್ಲಿ? ಅಜ್ಜಾರೇ ಹೇಳ್ಯಾರ. ಹೆಣಾ ಯಾರದೇ ಇರಲಿ, ಹೂ ಉದುರಿಸಾಕ ಬಿಡಬ್ಯಾಡ ಅಂದಾರ.”

ಯಾರದೇ ಅಂದರೆ ಅಜ್ಜ ಬೈಲಪ್ಪನದೂ ಸೇರಿತೋ ಇಲ್ಲವೋ? ಭೀಮಾಶಂಕರನಿಗೆ ಗೊತ್ತಿಲ್ಲ, ಶ್ರೀನಿವಾಸನಿಗೂ ಗೊತ್ತಿಲ್ಲ. ಕೇಳೋಣವೆಂದರೆ ಹೇಳಬೇಕಾದವನು ರಸೆಲ್ ಮಾರುಕಟ್ಟೆಯ ನಾಲ್ಕು ಬುಟ್ಟಿ ಸೇವಂತಿಗೆಯ ಕೆಳಗೆ ಮೌನವಾಗಿ ಮಲಗಿದ್ದಾನೆ.

ಸ್ಮಶಾನ ಕೆರೆಯ ಆಚೆ ದಡದಲ್ಲಿತ್ತು. ಊರಿನ ಹೆಣಗಳೆಲ್ಲ ಹಿಂದಿನಿಂದಲೂ ಏರಿಯ ಮೇಲೆಯೇ ಹೋಗುತ್ತಿದ್ದವು. ನಡುದಾರಿಯಲ್ಲಿ ಅರಳಿಮರದ ಕೆಳಗೆ ಚಟ್ಟ ಇಳಿಸಿ, ತಲೆ ಕಾಲುಗಳ ದಿಕ್ಕು ಬದಲಿಸಿ ಮತ್ತೆ ಹೊರಬೇಕು. ಹಾಗೆ ಮಾಡಿದರೆ ಸತ್ತವರು ಮನೆಯ ದಾರಿ ಮರೆತು ನೆಮ್ಮದಿಯಾಗಿ ಹೋಗುತ್ತಾರೆ ಎಂಬ ನಂಬಿಕೆ. ಅಪ್ಪನನ್ನು ಅಲ್ಲಿ ಇಳಿಸದೆ ಹೇಗೆ ಕಳಿಸುವುದು?

ಅಷ್ಟರಲ್ಲಿ ಲಕ್ಷ್ಮಿಕಾಂತ ಓಡಿಬಂದರು. ಎದುರಿನ ಅಪಾರ್ಟ್‌ಮೆಂಟಿನ ನಿವೃತ್ತ ಮೇಷ್ಟ್ರು. ಭಾನುವಾರ ಕೆರೆ ಸ್ವಚ್ಛ ಮಾಡುವ ತಂಡಕ್ಕೆ ಮುಖ್ಯಸ್ಥರು. “ಗೇಟ್ ತೆಗಿ ಭೀಮಾ. ಬೈಲಪ್ಪನೋರು ಉಳಿಸಿದ ಕೆರೆ ಇದು. ಇದೊಂದ್ಸಲ ಎಕ್ಸೆಪ್ಶನ್ ಮಾಡೋಣ.”

“ಇದೊಂದ್ಸಲಾನಾ?” ಚಟ್ಟದ ಮುಂದಿನ ಬಿದಿರಿಗೆ ಹೆಗಲು ಕೊಟ್ಟಿದ್ದ ಜಗದೀಶ ಬಾಯಿಬಿಟ್ಟ. ಬೈಲಪ್ಪನ ಅಣ್ಣನ ಮಗ. “ನಮ್ಮಮ್ಮಂಗೆ ಯಾಕಿರ್ಲಿಲ್ಲ ಸಾರ್ ಎಕ್ಸೆಪ್ಶನ್ನು?”

ಲಕ್ಷ್ಮಿಕಾಂತರು ಗೇಟಿನ ಚಿಲಕಕ್ಕೆ ಚಾಚಿದ್ದ ಕೈ ಹಿಂದೆಗೆದುಕೊಂಡರು.

*

ನಾಲ್ಕು ವರ್ಷದ ಹಿಂದೆ, ಇದೇ ಗೇಟಿನಲ್ಲಿ, ಜಗದೀಶನ ತಾಯಿಯ ಚಟ್ಟವನ್ನು ತಡೆದವನು ಬೈಲಪ್ಪನೇ. ಚಿಕ್ಕಂದಿನಲ್ಲಿ ಅವನಿಗೆ ತುತ್ತು ಕೊಟ್ಟು ಸಾಕಿದ ಅತ್ತಿಗೆ. ಹಿಂದಿನ ವಾರವಷ್ಟೇ ನೀರಿನಲ್ಲಿ ಕೊಳೆತ ಹಾರಗಳ ನಡುವೆ ಮೀನುಗಳು ಹೊಟ್ಟೆ ಮೇಲಾಗಿ ತೇಲಿದ್ದವು.

“ಹೂವೆಲ್ಲ ಇಲ್ಲೇ ತೆಗೀರಿ, ತಮಟೆ ನಿಲ್ಸಿ. ಆಮೇಲೆ ನಾನೇ ಹೆಗಲು ಕೊಡ್ತೀನಿ,” ಎಂದಿದ್ದ ಬೈಲಪ್ಪ.

“ನಮ್ಮಮ್ಮನ್ನ ಬೋಳು ಮಾಡಿ ಕಳ್ಸು ಅಂತೀಯಾ ಚಿಕ್ಕಪ್ಪ?”

“ಅತ್ತಿಗೆ ನಂಗೂ ತಾಯೇ ಕಣೋ. ಇವತ್ತು ಅತ್ತಿಗೇಗೆ ಅಂತ ಬಿಟ್ರೆ ನಾಳೆ ಯಾರಿಗೆ ಬೇಡ ಅನ್ಲಿ?”

ಜಗದೀಶ ಹೂವಿನ ಸಮೇತ ತಾಯಿಯನ್ನು ಮೇನ್ ರೋಡಿಗೆ ತಿರುಗಿಸಿದ. ಬಸ್ಸು ಆಟೋಗಳ ಹಾರನ್ನಿನ ನಡುವೆ, ನಡುದಾರಿಯಲ್ಲಿ ಎಲ್ಲಿಯೂ ಇಳಿಸದೆ ಆ ತಾಯಿ ಹೋದಳು. ಅಂದಿನಿಂದ ಅವನು ಚಿಕ್ಕಪ್ಪನ ಮನೆಯ ಹೊಸ್ತಿಲು ತುಳಿಯಲಿಲ್ಲ.

ನಾಚಿಕೆಯಿಂದ ಕುಗ್ಗಿಹೋಗಿದ್ದ ಶ್ರೀನಿವಾಸ ಆವತ್ತೇ ಕೇಳಿದ್ದ: “ನಾಳೆ ನಿಂಗೂ ಹಿಂಗೇನಾ ಅಪ್ಪ?”

“ನೋಡೋಣ,” ಎಂದು ಬೈಲಪ್ಪ ಕುಡುಗೋಲು ತೊಳೆಯಲು ಹೋಗಿದ್ದ. ನೋಡೋಣವಂತೆ! ಹೇಳಿ ಹೋಗಿದ್ದರೆ ಮಗನಿಗೆ ಈ ಫಜೀತಿ ಇರುತ್ತಿರಲಿಲ್ಲ.

*

ಇವತ್ತು ಬೆಳಿಗ್ಗೆ ಜಗದೀಶ ಯಾರೂ ಕರೆಯದೆ ಬಂದು, ಯಾರ ಮುಖವನ್ನೂ ನೋಡದೆ ಚಟ್ಟಕ್ಕೆ ಹೆಗಲು ಕೊಟ್ಟಿದ್ದ. ಯಾಕೆ ಬಂದೆ ಎಂದು ಕೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಶ್ರೀನಿವಾಸನ ತಲೆ ಕೆಟ್ಟುಹೋಯಿತು. ಹೂವಿನೊಂದಿಗೆ ಒಳಗೆ ಹೋದರೆ ಅಪ್ಪನ ಮಾತನ್ನು ಜಗದೀಶನ ಕಣ್ಣೆದುರೇ ಸುಳ್ಳು ಮಾಡಿದಂತೆ. ಮೇನ್ ರೋಡಿಗೆ ತಿರುಗಿಸಿದರೆ ಅಪ್ಪನಿಗೆ ಅರಳಿಮರ ತಪ್ಪುತ್ತದೆ. ಹೂವು ತೆಗೆಸೋಣವೆಂದರೆ ಕೈ ಬರುತ್ತಿಲ್ಲ.

ಗೇಟಿನವರೆಗೆ ಬಂದಿದ್ದ ಹೆಂಗಸರ ನಡುವೆ ತಾಯಿ ಆಂಜನಮ್ಮ ನಿಂತಿದ್ದಳು. “ಏನಮ್ಮ ಮಾಡ್ಲಿ?” ಎಂದು ಕೇಳಿದ.

“ನನ್ನೇನ್ ಕೇಳ್ತೀಯೋ? ಅವರ ಮಾತು ಮೀರಿದೋಳಲ್ಲ ನಾನು. ಹೂವಿಲ್ದೆ ಕಳ್ಸೋಕೂ ಮನಸ್ಸು ಬರ್ತಿಲ್ಲ,” ಎಂದು ಸೆರಗು ಬಾಯಿಗೆ ಒತ್ತಿಕೊಂಡಳು.

“ಇಳಿಸ್ರೋ,” ಎಂದ ಜಗದೀಶ.

ಇಳಿಸಿದರು. ಅವನು ಮಂಡಿಯೂರಿ ಮೊದಲ ಹಾರಕ್ಕೆ ಕೈಹಾಕಿ ಎಳೆದ. ದಾರ ಪಟ್ಟನೆ ಹರಿಯಿತು. “ನಮ್ಮಮ್ಮಂಗೆ ಏನ್ ಹೇಳಿದ್ನೋ ಅದೇ ಇವನಿಗೂ,” ಎಂದ. ಎರಡನೆಯದನ್ನೂ ಹಾಗೆಯೇ ಕಿತ್ತ. ಮೂರನೆಯದು ಕತ್ತಿನ ಕೆಳಗೆ ಸಿಕ್ಕಿಕೊಂಡಿತ್ತು. ಅಂಗೈಯಿಂದ ಚಿಕ್ಕಪ್ಪನ ತಲೆಯನ್ನು ಮೆಲ್ಲಗೆ ಎತ್ತಿ, ಹಾರ ಬಿಡಿಸಿ, ಮತ್ತೆ ಮೆಲ್ಲಗೆ ಇಳಿಸಿದ.

ಇದು ಸೇಡೋ, ಪ್ರೀತಿಯೋ? ಸಾಕು ಬಿಡು ಜಗ್ಗಣ್ಣ ಎನ್ನಬೇಕೋ, ಇನ್ನೂ ಅಲ್ಲಿದೆ ನೋಡು ಎನ್ನಬೇಕೋ ತಿಳಿಯದೆ ಶ್ರೀನಿವಾಸ ಮಡಕೆ ಹಿಡಿದು ನಿಂತೇ ಇದ್ದ. ಲಕ್ಷ್ಮಿಕಾಂತರು ಒಂದು ಗೋಣಿಚೀಲದ ಬಾಯಿ ಅಗಲಿಸಿ ಹಿಡಿದರು, ಹೂವೂ ಪುರಿಯೂ ಅದರೊಳಗೆ ಹೋದವು. ಬಿಳಿ ಪಂಚೆಯಷ್ಟೇ ಉಳಿದಾಗ ಭೀಮಾಶಂಕರ ಮೂಗು ಒರೆಸಿಕೊಂಡು ಗೇಟು ತೆಗೆದ.

ಏರಿಯ ಮೇಲೆ ಕಾಲ ಸಪ್ಪಳ ಬಿಟ್ಟರೆ ಬೇರೆ ಸದ್ದಿರಲಿಲ್ಲ. ವಾಕಿಂಗಿಗೆ ಬಂದವರು ಕಿವಿಯ ವೈರು ಕಿತ್ತು ಪಕ್ಕಕ್ಕೆ ಸರಿದು ಕೈಮುಗಿದರು. ಅರಳಿಮರದ ಕೆಳಗೆ ಚಟ್ಟ ಇಳಿಸಿ ದಿಕ್ಕು ತಿರುಗಿಸಿದರು. ಎಸೆಯಲು ಯಾರ ಕೈಯಲ್ಲೂ ಪುರಿಯಿಲ್ಲ, ಹೂವಿಲ್ಲ. ಎಲ್ಲರೂ ಸುಮ್ಮನೆ ಕೈ ಒರೆಸಿಕೊಂಡರು.

ಮತ್ತೆ ಎತ್ತುವ ಮೊದಲು ಜಗದೀಶ ಬಾಗಿದ. ಬೈಲಪ್ಪನ ಕಿವಿಯ ಹಿಂದೆ ಸೇವಂತಿಗೆಯ ಒಂದು ಎಸಳು ಅಂಟಿಕೊಂಡಿತ್ತು. ಅದನ್ನು ಬೆರಳ ತುದಿಯಲ್ಲಿ ತೆಗೆದು, ನೀರಿನ ಕಡೆ ನೋಡಿದ, ನೆಲದ ಕಡೆ ನೋಡಿದ. ಆಮೇಲೆ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಬಿದಿರಿಗೆ ಹೆಗಲು ಕೊಟ್ಟ.